ತಣ್ಣೀರ ಒರತೆಯಲ್ಲಿ ಬಿಸಿನೀರ ವಿದ್ಯೆ: ಕಾರವಾರ, ಶಿರಸಿಯಲ್ಲಿದ್ದು ಭೂಉಷ್ಣ ಸಂಶೋಧನೆಗೆ ತಯಾರಾಗುವುದು ಹೇಗೆ

ಜ್ವಾಲಾಮುಖಿ ಓದಬೇಕೆಂಬ ಹುಡುಗ ಹುಡುಗಿಯರಿಗೆ ಉತ್ತರ ಕನ್ನಡ ಮೊದಲ ನೋಟಕ್ಕೆ ನಿರಾಸೆಯ ಜಿಲ್ಲೆ. ದೇಶದಲ್ಲಿ ಈಗಲೂ ಬೆಂಕಿ ಉಗುಳುವುದು ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. 1787ರಲ್ಲಿ ಅದು ಸಿಡಿದದ್ದು ದಾಖಲೆಯಲ್ಲಿದೆ, ದೀರ್ಘಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಕುದಿಯುವ ಬುಗ್ಗೆ ನೋಡಲು ಲಡಾಖಿನ ಪೂಗಾಕ್ಕೋ ಹಿಮಾಚಲದ ಮಣಿಕರ್ಣಕ್ಕೋ ಹೋಗಬೇಕು. ಕರಾವಳಿ ಕರ್ನಾಟಕದಲ್ಲಿ ಬೆಚ್ಚನೆ ನೀರಿಗೆ ಹೆಸರಾದದ್ದು ಪುತ್ತೂರು ಕಡೆಯ ಬೆಂದ್ರು ತೀರ್ಥ.

ಆದರೆ ನೆಲದಾಳದ ಶಾಖವನ್ನು ಓದುವ ಈ ಭೂಉಷ್ಣ ಕಸುಬಿನ ಬಹುಪಾಲು ಕೆಲಸ ನೀರು ಹಿಡಿಯುವುದು, ಬಂಡೆ ಅಳೆಯುವುದು, ಬಂದ ಅಂಕಿಯನ್ನು ಅನುಮಾನಿಸುವುದು. ಮೂರನ್ನೂ ಚಿರೇಕಲ್ಲಿನ ಬುಡದ ತಣ್ಣನೆ ಒರತೆಯಲ್ಲೇ ಕಲಿಯಬಹುದು. ಹಾಗೆ ಕಲಿತವರಿಗೆ ಒಂದು ಲಾಭವಿದೆ: ಸರಿಯುತ್ತರ ಮೊದಲೇ ಗೊತ್ತಿರುತ್ತದೆ. ನೀರು ತಣ್ಣಗಿದೆ, ಕೆಳಗೆ ಬೆಂಕಿಯಿಲ್ಲ. ಆದರೂ ಸೂತ್ರ 250 ಡಿಗ್ರಿ ಎಂದರೆ ತಪ್ಪು ಎಲ್ಲಾಗಿದೆಯೆಂದು ಹುಡುಕಲೇಬೇಕಾಗುತ್ತದೆ.

ಒರತೆ ಆರಿಸುವುದು

ಹೊನ್ನಾವರ, ಭಟ್ಕಳದ ಕಡೆ ಚಿರೇಕಲ್ಲಿನ ಹಾಸು ಮುಗಿದು ಇಳಿಜಾರು ಶುರುವಾಗುವಲ್ಲಿ ನೀರು ಒಸರುತ್ತದೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಿಗೆ ಅಬ್ಬಿಯ ನೀರನ್ನು ಅಡಿಕೆ ದಬ್ಬೆಯಲ್ಲೋ ಪೈಪಿನಲ್ಲೋ ತರುವುದುಂಟು. ಬೇಸಿಗೆಯಲ್ಲೂ ಬತ್ತದ, ವಾರಕ್ಕೊಮ್ಮೆ ನಡೆದು ಹೋಗಬಹುದಾದ ಒಂದನ್ನು ಹಿಡಿಯಿರಿ. ಮನೆಯವರ ಒಪ್ಪಿಗೆ ಕೇಳಿ. ಕಾಡಿನೊಳಗಿದ್ದರೆ, ಅದರಲ್ಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಗಡಿಯೊಳಗಿದ್ದರೆ, ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಬಾಟಲಿ ನೀರನ್ನೂ ತರಬೇಡಿ. ಅನುಮತಿಯಿಲ್ಲದ ಮಾದರಿಯ ಅಂಕಿಯನ್ನು ಮುಂದೆ ಎಲ್ಲೂ ಪ್ರಕಟಿಸಲಾಗದು.

ಅಳೆಯಬೇಕಾದ್ದು ನೀರು ಕಲ್ಲಿನಿಂದ ಹೊರಬೀಳುವ ಬಾಯಿಯಲ್ಲೇ. ಹತ್ತು ಮೀಟರ್ ದಬ್ಬೆಯಲ್ಲಿ ಹರಿದ ನೀರಿಗೆ ಬಿಸಿಲು ತಾಗಿರುತ್ತದೆ, ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರಿರುತ್ತದೆ. ಬೆಳಗಿನ ಜಾವ ಹೋಗುವುದು ಒಳ್ಳೆಯದು.

ಥರ್ಮಾಮೀಟರಿನಿಂದ ಶುರು

0.1 ಡಿಗ್ರಿ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಸಾಕು, ಆದರೆ ಅದನ್ನು ನಂಬುವ ಮೊದಲು ಪರೀಕ್ಷೆ ಮಾಡಿ. ಪುಡಿ ಮಂಜುಗಡ್ಡೆಗೆ ಸ್ವಲ್ಪವೇ ನೀರು ಹಾಕಿ ಕಲಸಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ ಕಾರವಾರದವರಿಗೆ 100 ಬರಬೇಕು. ಶಿರಸಿಯವರಿಗೆ 98ರ ಸುತ್ತ ಬಂದರೆ ಉಪಕರಣ ಕೆಟ್ಟಿಲ್ಲ, ಘಟ್ಟದ ಎತ್ತರ ಕೆಲಸ ಮಾಡಿದೆ ಅಷ್ಟೆ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. 4,400 ಮೀಟರ್ ಎತ್ತರದ ಪೂಗಾದಲ್ಲಿ ಬುಗ್ಗೆ 85ರ ಆಸುಪಾಸಿನಲ್ಲೇ ಕುದಿಯುವುದು ಇದೇ ಕಾರಣಕ್ಕೆ.

ಆಳವಿಲ್ಲದ ಅಂತರ್ಜಲದ ಉಷ್ಣತೆ ಆ ಊರಿನ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರವಿರುತ್ತದೆ. ಕಾರವಾರದಲ್ಲಿ ಅದು 27ರ ಸುತ್ತ. ಹಾಗಾಗಿ ಚಳಿಗಾಲದ ಬೆಳಿಗ್ಗೆ ಒರತೆಗೆ ಕೈ ಇಟ್ಟವರಿಗೆ 'ಬಿಸಿ' ಅನ್ನಿಸುವುದು ಗಾಳಿ ತಣ್ಣಗಿರುವುದರಿಂದ. ಸರಾಸರಿಗಿಂತ ಐದಾರು ಡಿಗ್ರಿಯಾದರೂ ಮೇಲಿದ್ದು, ಮಳೆಗಾಲದಲ್ಲೂ ಅಲ್ಲೇ ನಿಂತರೆ ಮಾತ್ರ ಬಿಸಿ ಒರತೆಯ ಮಾತು.

ಉಷ್ಣತೆಯ ಜೊತೆಗೆ ವಿದ್ಯುತ್ ವಾಹಕತೆ, ಪಿಎಚ್, ಹರಿವು ಇಷ್ಟನ್ನು ವಾರವಾರ ಒಂದು ವರ್ಷ ಬರೆದಿಡಿ. ಹರಿವಿಗೆ ಬಕೆಟ್ಟು, ಸ್ಟಾಪ್‌ವಾಚ್ ಸಾಕು: 10 ಲೀಟರ್ ತುಂಬಲು 8 ಸೆಕೆಂಡು ಎಂದರೆ ಸೆಕೆಂಡಿಗೆ 1.25 ಲೀಟರ್. ಮೂರು ಸಲ ತುಂಬಿಸಿ ಸರಾಸರಿ ತೆಗೆಯಿರಿ. ಇದೇ ಹರಿವು 67 ಡಿಗ್ರಿಯ ಬುಗ್ಗೆಯದಾಗಿದ್ದರೆ, 27ಕ್ಕಿಂತ ಮೇಲಿನ 40 ಡಿಗ್ರಿಯನ್ನು 1.25ರಿಂದಲೂ ನೀರಿನ ಉಷ್ಣಧಾರಣೆ 4.19ರಿಂದಲೂ ಗುಣಿಸಿ; ಸುಮಾರು 210 ಕಿಲೋವ್ಯಾಟ್ ಶಾಖ. ಬುಗ್ಗೆಯ ಬಲ ತಿಳಿಯುವ ಮೊದಲ ಲೆಕ್ಕ ಇದು.

ಚಿರೇಕಲ್ಲಿನ ನೀರಿನಲ್ಲಿ ಲವಣ ತೀರ ಕಡಿಮೆ. ಉಪಕರಣಗಳು ಮುನಿಸಿಕೊಳ್ಳುವುದು ಇಂಥ ನೀರಿನಲ್ಲೇ. ವಾಹಕತೆಯ ಮೀಟರನ್ನು ಎಲ್ಲರೂ 1413 ಮೈಕ್ರೊಸೀಮೆನ್ಸ್ ದ್ರಾವಣದಲ್ಲಿ ಹೊಂದಿಸುತ್ತಾರೆ. 60 ತೋರಿಸುವ ನೀರಿಗೆ 84ರ ದ್ರಾವಣವೇ ಸರಿ. ಪಿಎಚ್ ಮೀಟರನ್ನು 4 ಮತ್ತು 7ರ ಬಫರಿನಲ್ಲಿ ಅದೇ ದಿನ ಹೊಂದಿಸಿ, ನೀರಲ್ಲಿ ಮುಳುಗಿಸಿ, ಅಲುಗಿಸದೆ ಐದರಿಂದ ಹತ್ತು ನಿಮಿಷ ಕಾಯಿರಿ. ಮೊದಲ ನಿಮಿಷದ ಅಂಕಿ ಬರೆದುಕೊಂಡು ಮನೆಗೆ ಬಂದವರ ಪುಸ್ತಕದಲ್ಲಿ ಪಿಎಚ್ ವಾರವಾರ ಕುಣಿಯುತ್ತಿರುತ್ತದೆ.

ಒಂದು ಒರತೆಗೆ ನಾಲ್ಕು ಬಾಟಲಿ

ಪ್ರಯೋಗಾಲಯಕ್ಕೆ ಹೋಗುವ ನೀರು ಒಂದೇ ಬಾಟಲಿಯಲ್ಲಿ ಹಿಡಿಯುವಂಥದ್ದಲ್ಲ. ಮೊದಲನೆಯದು ಸೋಸಿದ, ಆಮ್ಲ ಹಾಕದ 250 ಮಿಲಿಲೀಟರ್. ಕ್ಲೋರೈಡ್, ಸಲ್ಫೇಟ್, ನೈಟ್ರೇಟ್ ಅಳೆಯಲು ಇದು. ಎರಡನೆಯದು ಸೋಸಿ, ಅತಿಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿದ 250 ಮಿಲಿಲೀಟರ್. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಕ್ಕೆ. ಅರ್ಧ ಮಿಲಿಲೀಟರ್ ಗಾಢ ಆಮ್ಲ ಸಾಮಾನ್ಯವಾಗಿ ಸಾಕು, ಆದರೂ ಒಂದು ಹನಿಯನ್ನು ಪಿಎಚ್ ಕಾಗದದ ಮೇಲೆ ಬಿಟ್ಟು ನೋಡಿ. ಬಾಟಲಿ ಅದಲುಬದಲಾದರೆ ಒರತೆಯಲ್ಲಿ ಭಯಂಕರ ನೈಟ್ರೇಟ್ ಕಾಣಿಸುತ್ತದೆ, ಊರವರು ಗೊಬ್ಬರದ ಮೇಲೆ ತಪ್ಪು ಹೊರಿಸುತ್ತಾರೆ. ತಪ್ಪು ನೈಟ್ರಿಕ್ ಆಮ್ಲದ್ದು.

ಸೋಸುವುದಕ್ಕೆ 0.45 ಮೈಕ್ರಾನಿನ ಮೆಂಬ್ರೇನ್ ಫಿಲ್ಟರ್, ಸಿರಿಂಜ್. ಕ್ರಮ ಮುಖ್ಯ: ಮೊದಲು ಸೋಸು, ಆಮೇಲೆ ಆಮ್ಲ. ತಿರುಗಾಮುರುಗಾ ಮಾಡಿದರೆ ಚಿರೇಕಲ್ಲಿನ ಕೆಂಪು ಕಣವೆಲ್ಲ ಆಮ್ಲದಲ್ಲಿ ಕರಗಿ ನೀರಿನ ಲೆಕ್ಕಕ್ಕೆ ಸೇರುತ್ತದೆ.

ಮೂರನೆಯದು ಸಿಲಿಕಾದ ಬಾಟಲಿ. ಬಿಸಿ ಬುಗ್ಗೆಯಲ್ಲಿ ಇದನ್ನು ಮರೆತವರ ಅಂಕಿ ಇನ್ನು ಸರಿಯಾಗುವುದಿಲ್ಲ. 25 ಡಿಗ್ರಿಯ ನೀರಿನಲ್ಲಿ ಹರಳಾಗದ (ಅಮಾರ್ಫಸ್) ಸಿಲಿಕಾ ಲೀಟರಿಗೆ ಸುಮಾರು 120 ಮಿಲಿಗ್ರಾಂಗಿಂತ ಹೆಚ್ಚು ನಿಲ್ಲದು. ಆಳದಿಂದ 180 ಹೊತ್ತು ತಂದ ನೀರು ಬಾಟಲಿಯಲ್ಲಿ ಆರಿದಂತೆ ಮಿಕ್ಕಿದ್ದನ್ನು ಉದುರಿಸುತ್ತದೆ. ಅದಕ್ಕೇ ಸ್ಥಳದಲ್ಲೇ 10 ಮಿಲಿಲೀಟರ್ ಸೋಸಿದ ನೀರಿಗೆ 90 ಮಿಲಿಲೀಟರ್ ಅಯಾನುರಹಿತ ನೀರು ಸೇರಿಸಿ ಹತ್ತು ಪಟ್ಟು ತೆಳು ಮಾಡಬೇಕು. ತಣ್ಣೀರ ಒರತೆಗೆ ಇದು ಬೇಕಿಲ್ಲ, ಆದರೆ ಕೈ ಪಳಗಲಿ ಎಂದು ಪ್ರತಿ ಸಲ ಮಾಡಿ. ಪಿಪೆಟ್ಟಿನ ತಪ್ಪು ನೇರವಾಗಿ ಉತ್ತರಕ್ಕೆ ಬರುತ್ತದೆ ಎಂಬುದು ಆಗ ತಿಳಿಯುತ್ತದೆ.

ನಾಲ್ಕನೆಯದು ಐಸೊಟೋಪಿಗೆ (ಒಂದೇ ಧಾತುವಿನ ಹಗುರ, ಭಾರದ ಪರಮಾಣುಗಳಿಗೆ), 60 ಮಿಲಿಲೀಟರ್. ನೀರೊಳಗೇ ಮುಚ್ಚಳ ಹಾಕಿ, ಒಂದು ಗುಳ್ಳೆಯೂ ಇರಬಾರದು. ಖಾಲಿ ಜಾಗ ಇದ್ದರೆ ನೀರು ಆವಿಯಾಗಿ ಡ್ಯುಟೇರಿಯಂ (ಭಾರದ ಹೈಡ್ರೋಜನ್), ಆಕ್ಸಿಜನ್-18 (ಭಾರದ ಆಕ್ಸಿಜನ್) ಎರಡೂ ಭಾರದ ಕಡೆ ವಾಲುತ್ತವೆ. ಆಕ್ಸಿಜನ್ ಅಡ್ಡಕ್ಕೆ, ಡ್ಯುಟೇರಿಯಂ ನೆಟ್ಟಗೆ ಇಟ್ಟ ನಕ್ಷೆಯಲ್ಲಿ ಮಳೆನೀರು ಸಾಮಾನ್ಯವಾಗಿ ಬೀಳುವ ಗೆರೆ ಗೊತ್ತಿರುವಂಥದ್ದು: ಡ್ಯುಟೇರಿಯಂ ಅಂಕಿ ಆಕ್ಸಿಜನ್-18ರ ಎಂಟು ಪಟ್ಟಿಗೆ 10 ಕೂಡಿಸಿದಷ್ಟು. ಗೆರೆಯ ಮೇಲೆ ಕೂತ ಬಿಸಿ ಬುಗ್ಗೆಯ ನೀರು ಮೂಲದಲ್ಲಿ ಮಳೆಯೇ. ತುಂಬ ಬಿಸಿಯಾದ ಬಂಡೆಯೊಡನೆ ಹೆಚ್ಚು ಕಾಲ ಕಳೆದ ನೀರಾದರೆ ಆಕ್ಸಿಜನ್ ಮಾತ್ರ ಬಲಕ್ಕೆ ಸರಿಯುತ್ತದೆ.

ಎಲ್ಲಾ ಬಾಟಲಿಗಳೂ ದಪ್ಪ ಪಾಲಿಥೀನಿನವು, ಸಿಲಿಕಾಕ್ಕೆ ಗಾಜು ಬೇಡವೇ ಬೇಡ. ಅದೇ ನೀರಿನಲ್ಲಿ ಮೂರು ಸಲ ತೊಳೆದು ಹಿಡಿಯಿರಿ. ಸೋಸಿ ಹಿಡಿಯುವ ಬಾಟಲಿಯನ್ನು ಸೋಸಿದ ನೀರಿನಲ್ಲೇ ತೊಳೆಯಬೇಕು. ಹೆಸರು ಬರೆಯುವುದು ಬಾಟಲಿಯ ಮೈಮೇಲೆ, ಮುಚ್ಚಳದ ಮೇಲಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಮೇಲೆ ಪಾರದರ್ಶಕ ಟೇಪ್ ಸುತ್ತಿ, ಇಲ್ಲದಿದ್ದರೆ ಜುಲೈ ತಿಂಗಳ ತೇವ ಮಾರ್ಕರಿನ ಶಾಯಿಯನ್ನೂ ಬಿಡುವುದಿಲ್ಲ. ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ.

ತಂಪಾಗಿಡಲು ಮೀನುಪೇಟೆಯ ಥರ್ಮಾಕೋಲ್ ಪೆಟ್ಟಿಗೆ ಅಗ್ಗ, ಸುಲಭ. ಆದರೆ ಉಪ್ಪು ತಾಗಿದ ಪೆಟ್ಟಿಗೆಯ ಮಂಜಿನ ನೀರು ಮುಚ್ಚಳದ ಸಂದಿಗೆ ಇಳಿದರೆ ಲೀಟರಿಗೆ 8 ಮಿಲಿಗ್ರಾಂ ಕ್ಲೋರೈಡಿನ ಒರತೆ 30 ಆಗುತ್ತದೆ. ಹೊಸ ಪೆಟ್ಟಿಗೆ ಕೊಳ್ಳಿ, ಬಾಟಲಿಗಳನ್ನು ಜಿಪ್ ಚೀಲದಲ್ಲಿ ಹಾಕಿ. ನೈಟ್ರಿಕ್ ಆಮ್ಲವನ್ನು ಬಸ್ಸಿನಲ್ಲಿ ಒಯ್ಯುವ ಸಾಹಸ ಬೇಡ. ಕಾಲೇಜಿನ ಪ್ರಯೋಗಾಲಯದಲ್ಲೇ, ಅದೇ ದಿನ, ಕೈಗವಸು ಹಾಕಿಕೊಂಡು ಸೇರಿಸಿದರೆ ಅಭ್ಯಾಸಕ್ಕೆ ಸಾಕು.

ಪ್ರತಿ ಹತ್ತು ಮಾದರಿಗೆ ಒಂದು ಜೋಡಿ ಮಾದರಿ, ಪ್ರತಿ ಸುತ್ತಿಗೆ ಒಂದು ಬ್ಲ್ಯಾಂಕ್ ಇರಲಿ. ಬ್ಲ್ಯಾಂಕ್ ಎಂದರೆ ಅಯಾನುರಹಿತ ನೀರನ್ನು ಒರತೆಯವರೆಗೂ ಒಯ್ದು, ಅಲ್ಲೇ ಸೋಸಿ ತಂದು, ಅದೇ ಆಮ್ಲ ಹಾಕುವುದು. ಅದರಲ್ಲಿ ಸೋಡಿಯಂ ಕಂಡರೆ ಕೈ ಬೆವರು, ಸಿರಿಂಜ್, ಫಿಲ್ಟರ್, ಯಾವುದೋ ಒಂದರದ್ದು.

ಬೈಕಾರ್ಬನೇಟನ್ನು ಸ್ಥಳದಲ್ಲೇ ಟೈಟ್ರೇಶನ್ ಮಾಡಬೇಕು. 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ, ಮೀಥೈಲ್ ಆರೆಂಜ್ ಅಥವಾ ಪಿಎಚ್ 4.5ರವರೆಗೆ. 50 ಮಿಲಿಲೀಟರ್ ನೀರಿಗೆ ಖರ್ಚಾದ ಆಮ್ಲದ ಮಿಲಿಲೀಟರನ್ನು 20ರಿಂದ ಗುಣಿಸಿದರೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದ ಕ್ಷಾರೀಯತೆ, ಅದನ್ನು 1.22ರಿಂದ ಗುಣಿಸಿದರೆ ಬೈಕಾರ್ಬನೇಟ್. ನಮ್ಮ ಮೃದು ನೀರಿಗೆ ಒಂದು ಮಿಲಿಲೀಟರ್ ಆಮ್ಲವೂ ಹಿಡಿಯದೆ ಹೋಗಬಹುದು. ಆಗ 100 ಮಿಲಿಲೀಟರ್ ನೀರು ತೆಗೆದುಕೊಂಡು 10ರಿಂದ ಗುಣಿಸಿ.

ಅಂಕಿ ಬಂದ ಮೇಲೆ

ಮೊದಲು ತಾಳೆ. ಧನ ಅಯಾನುಗಳ ಮೊತ್ತ, ಋಣ ಅಯಾನುಗಳ ಮೊತ್ತ ಎರಡನ್ನೂ ಮಿಲಿಈಕ್ವಿವಲೆಂಟಿನಲ್ಲಿ (ಮಿಲಿಗ್ರಾಂ ಅಂಕಿಯನ್ನು ಅಯಾನಿನ ತೂಕದಿಂದ ಭಾಗಿಸಿ, ಅದರ ವಿದ್ಯುದಂಶದಿಂದ ಗುಣಿಸಿ) ಬರೆದು, ವ್ಯತ್ಯಾಸವನ್ನು ಒಟ್ಟು ಮೊತ್ತದಿಂದ ಭಾಗಿಸಿ. ಶೇಕಡಾ 5ರೊಳಗೆ ಬಂದರೆ ಮುಂದುವರಿಯಿರಿ. ತೀರ ತೆಳು ನೀರಿನಲ್ಲಿ 10 ಬಂದರೂ ತಡೆದುಕೊಳ್ಳಬಹುದು, ಆದರೆ ಹಾಗೆಂದು ಬರೆದಿಡಬೇಕು.

ಇನ್ನು ಭೂಉಷ್ಣಮಾಪಕಗಳು: ನೀರಿನ ರಸಾಯನದಿಂದ ಆಳದ ಬಿಸಿ ಊಹಿಸುವ ಸೂತ್ರಗಳು. ಸಿಲಿಕಾ ಲೀಟರಿಗೆ ಮಿಲಿಗ್ರಾಂನಲ್ಲಿದ್ದರೆ ಕ್ವಾರ್ಟ್ಜ್ ಸೂತ್ರ ಹೀಗೆ:

ಉಷ್ಣತೆ = 1309 ÷ (5.19 − ಲಾಗ್ ಸಿಲಿಕಾ) − 273.15

ಸಿಲಿಕಾದ ಇನ್ನೊಂದು, ತೀರ ಸಣ್ಣ ಹರಳಿನ ರೂಪವಾದ ಚಾಲ್ಸೆಡನಿಗೆ 1309ರ ಜಾಗದಲ್ಲಿ 1032, 5.19ರ ಜಾಗದಲ್ಲಿ 4.69. ಸಿಲಿಕಾ 100 ಇದ್ದರೆ ಕ್ವಾರ್ಟ್ಜ್ 137 ಡಿಗ್ರಿ ಎನ್ನುತ್ತದೆ, ಚಾಲ್ಸೆಡನಿ 110. ಮೇಲೆ ಹೇಳಿದ, ತೆಳು ಮಾಡದ ಬಾಟಲಿಯ ಕಥೆಯನ್ನು ಇಲ್ಲಿ ಹಾಕಿ ನೋಡಿ: 180ಕ್ಕೆ 173 ಡಿಗ್ರಿ, ಉದುರಿ 120 ಉಳಿದರೆ 148. ಒಂದು ಪಿಪೆಟ್ ಅಯಾನುರಹಿತ ನೀರಿಗೆ ಸೋಮಾರಿತನ ಮಾಡಿದ್ದಕ್ಕೆ 25 ಡಿಗ್ರಿ ದಂಡ.

ಸೋಡಿಯಂ-ಪೊಟ್ಯಾಸಿಯಂ ಸೂತ್ರ:

ಉಷ್ಣತೆ = 1217 ÷ (ಲಾಗ್ (ಸೋಡಿಯಂ ÷ ಪೊಟ್ಯಾಸಿಯಂ) + 1.483) − 273.15

ಈಗ ನಿಮ್ಮ ತಣ್ಣೀರ ಒರತೆಗೆ ಬನ್ನಿ. ಸೋಡಿಯಂ 8, ಪೊಟ್ಯಾಸಿಯಂ 1.2, ಮೆಗ್ನೀಸಿಯಂ 2, ಸಿಲಿಕಾ 15 ಎಂದುಕೊಳ್ಳಿ. ಕ್ವಾರ್ಟ್ಜ್ ಸೂತ್ರ 53 ಡಿಗ್ರಿ ಕೊಡುತ್ತದೆ, ಚಾಲ್ಸೆಡನಿ 21, ಸೋಡಿಯಂ-ಪೊಟ್ಯಾಸಿಯಂ 254! ಕಡಲ ನೀರನ್ನೂ ಬಿಡಬೇಡಿ: ಲೀಟರಿಗೆ ಸೋಡಿಯಂ 10,800, ಪೊಟ್ಯಾಸಿಯಂ 400 ಮಿಲಿಗ್ರಾಂ. ಸೂತ್ರದ ಪ್ರಕಾರ ಕಾರವಾರದ ಟಾಗೋರ್ ಕಡಲತೀರದ ಅಲೆ 144 ಡಿಗ್ರಿಯ ಜಲಾಶಯದಿಂದ ಬಂದದ್ದು.

ಸೂತ್ರ ಸುಳ್ಳಲ್ಲ, ಷರತ್ತು ಮುರಿದಿದೆ. ಬಿಸಿ ಬಂಡೆಯಲ್ಲಿ ನೀರು ಮತ್ತು ಸೋಡಿಯಂ, ಪೊಟ್ಯಾಸಿಯಂ ಇರುವ ಖನಿಜ ಫೆಲ್ಡ್‌ಸ್ಪಾರ್ ದೀರ್ಘಕಾಲ ಜೊತೆಗಿದ್ದು ಸಮತೋಲಕ್ಕೆ ಬಂದಿದ್ದರೆ ಮಾತ್ರ ಸೋಡಿಯಂ-ಪೊಟ್ಯಾಸಿಯಂ ಅನುಪಾತಕ್ಕೆ ಉಷ್ಣತೆಯ ಅರ್ಥ. ಒರತೆಯ ಸೋಡಿಯಂನ ದೊಡ್ಡ ಪಾಲು ಕಡಲ ಗಾಳಿ ಹೊತ್ತು ತಂದ ಉಪ್ಪು, ಪೊಟ್ಯಾಸಿಯಂನಲ್ಲಿ ತೋಟದ ಬೂದಿ ಗೊಬ್ಬರದ್ದೂ ಇರಬಹುದು. ಸಿಲಿಕಾ ಬಂದದ್ದು ಮಣ್ಣಾಗುತ್ತಿರುವ ಖನಿಜದಿಂದ, ಕ್ವಾರ್ಟ್ಜಿನಿಂದಲ್ಲ. ಅದಕ್ಕೇ ಪೊಟ್ಯಾಸಿಯಂ-ಮೆಗ್ನೀಸಿಯಂ ಸೂತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು: 4410ನ್ನು (14.0 − ಲಾಗ್ (ಪೊಟ್ಯಾಸಿಯಂ ವರ್ಗ ÷ ಮೆಗ್ನೀಸಿಯಂ)) ಇಂದ ಭಾಗಿಸಿ 273.15 ಕಳೆಯಿರಿ. ಅದೇ ಒರತೆಗೆ 39 ಬರುತ್ತದೆ. ಮೆಗ್ನೀಸಿಯಂ ಬೇಗ ಹೊಂದಿಕೊಳ್ಳುವ ಅಯಾನು, ಮೇಲಿನ ತಂಪನ್ನು ಮರೆಮಾಚುವುದಿಲ್ಲ. ಒಂದು ಸೂತ್ರ 254, ಇನ್ನೊಂದು 39 ಎಂದರೆ ನೀರು ಸಮತೋಲದಲ್ಲಿಲ್ಲ, 254ನ್ನು ವರದಿಯಲ್ಲಿ ಬರೆಯುವ ಹಾಗಿಲ್ಲ. ಪ್ರಕಟವಾದ ಲೇಖನ ಓದುವಾಗಲೂ ಮೆಗ್ನೀಸಿಯಂ ಕಾಲಂ ಮೊದಲು ನೋಡುವ ಚಟ ಬೆಳೆಸಿಕೊಳ್ಳಿ.

ಕರಾವಳಿಯ ಬುಗ್ಗೆಯಲ್ಲಿ ಉಪ್ಪು ಕಂಡರೆ ಕಡಲ ನೀರು ಬೆರೆತಿದೆಯೇ ಎಂದು ಕ್ಲೋರೈಡನ್ನು ಬ್ರೋಮೈಡಿನಿಂದ ಭಾಗಿಸಿ ನೋಡುತ್ತಾರೆ. ತೂಕದ ಲೆಕ್ಕದಲ್ಲಿ ಕಡಲಿನದು 290ರ ಹತ್ತಿರ. ಕಾಳಿ ನದಿಯ ಮುಖದ ಬಾವಿಗಳಲ್ಲಿ ಇದನ್ನು ಅಭ್ಯಾಸ ಮಾಡಬಹುದು. ಭರತದಲ್ಲೊಮ್ಮೆ, ಇಳಿತದಲ್ಲೊಮ್ಮೆ ವಾಹಕತೆ ಅಳೆಯಿರಿ.

ಬಂಡೆಯ ಕೆಲಸ

ಕರಿ ಬಂಡೆ ಕಂಡಲ್ಲೆಲ್ಲ ಲಾವಾ ಎನ್ನುವುದು ಊರೂರಲ್ಲಿ ಇರುವ ಮಾತು. ಯಾಣವೇ ಉದಾಹರಣೆ. ಭಸ್ಮಾಸುರ ಸುಟ್ಟ ಬೂದಿ ಎಂಬ ಕಥೆ, ಕಪ್ಪು ಮಣ್ಣು, 120 ಮೀಟರ್ ನೆಟ್ಟಗೆ ನಿಂತ ಭೈರವೇಶ್ವರ ಶಿಖರ, ಎಲ್ಲಾ ಸೇರಿ ಜ್ವಾಲಾಮುಖಿ ಎಂಬ ನಂಬಿಕೆ ಹುಟ್ಟಿಸುತ್ತವೆ. ಅದು ಸುಣ್ಣದ ಕಲ್ಲು, ಮಳೆನೀರು ಕರಗಿಸಿ ಕೆತ್ತಿದ್ದು. ಸುತ್ತಿಗೆ ಎತ್ತಬೇಡಿ, ಅದು ದೇವರ ಜಾಗ. ಯಾಣಕ್ಕೆ ಹೋಗುವವನು ಸೊಕ್ಕಿದವನು ಎಂಬ ಗಾದೆಗೆ ಇನ್ನೊಂದು ಸಾಕ್ಷಿ ಆಗುವುದು ಬೇಡ. ಸುಣ್ಣದ ಕಲ್ಲಿನ ಪರೀಕ್ಷೆಯನ್ನು ಬೇರೆಡೆಯ ಉದುರು ಚೂರಿನ ಮೇಲೆ ಕಲಿಯಿರಿ: ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ಬುರುಬುರು ನೊರೆ ಬಂದರೆ ಕ್ಯಾಲ್ಸೈಟ್, ಕೆರೆದು ಪುಡಿ ಮಾಡಿದ ಮೇಲೆ ಮಾತ್ರ ಬಂದರೆ ಡಾಲೊಮೈಟ್, ಬರದೇ ಹೋದರೆ ಬಸಾಲ್ಟೋ ಇನ್ನೊಂದೋ.

ನಿಜವಾದ ಅಗ್ನಿಶಿಲೆಯ ಪಾಠಕ್ಕೆ ಡೈಕ್ ಹುಡುಕಿ. ನೈಸ್ (ಪಟ್ಟೆಪಟ್ಟೆಯ ಹಳೆ ರೂಪಾಂತರ ಶಿಲೆ) ಅಥವಾ ಗ್ರಾನೈಟನ್ನು ಸೀಳಿಕೊಂಡು ಗೋಡೆಯಂತೆ ಹೋಗುವ ಕಪ್ಪು ಡಾಲರೈಟ್ ಅದು. ರಸ್ತೆ ಕಡಿದಲ್ಲಿ, ಹಳೆ ಕ್ವಾರಿಯಲ್ಲಿ, ಇಳಿತದ ಹೊತ್ತಿನ ಕಡಲ ಬಂಡೆಯಲ್ಲಿ ನೋಡಬೇಕು. ಅಂಚಿನಿಂದ ಅಂಚಿಗೆ ಲಂಬವಾಗಿ ಟೇಪ್ ಹಿಡಿಯಿರಿ, ಓರೆಯಾದರೆ ಅಗಲ ಸುಳ್ಳು. ಅಂಚಿನ ಕೆಲವೇ ಸೆಂಟಿಮೀಟರ್ ಕಣ್ಣಿಗೆ ಕಾಣದಷ್ಟು ನುಣುಪು ಕಣ, ನಡುವೆ ದಪ್ಪ ಕಣ: ತಣ್ಣನೆ ಬಂಡೆಗೆ ತಾಗಿದಲ್ಲಿ ಬೇಗ ಗಟ್ಟಿಯಾದ ಗುರುತು. ದಿಕ್ಸೂಚಿಯನ್ನು ಬಂಡೆಯ ಮೇಲೆ ಇಟ್ಟು ಓದಬೇಡಿ; ಡಾಲರೈಟಿನ ಮ್ಯಾಗ್ನೆಟೈಟ್ ಮುಳ್ಳನ್ನು ಎಳೆಯುತ್ತದೆ. ಎರಡು ಮೀಟರ್ ದೂರ ನಿಂತು ಡೈಕಿನ ಸಾಲಿಗೆ ಗುರಿಯಿಟ್ಟು ಓದಿ, ಆ ತುದಿಯಿಂದ ಈ ಕಡೆಗೂ ಒಮ್ಮೆ ಓದಿ. ಎರಡರ ನಡುವೆ 180 ಡಿಗ್ರಿ ಬರಬೇಕು.

ಮಾದರಿ ಒಂದೆರಡು ಕಿಲೋ, ಹೊರಗಿನ ಕಂದು ತೊಗಟೆ ಪೂರ್ತಿ ಕೆತ್ತಿ ತೆಗೆದದ್ದು. ನಮ್ಮ ಮಳೆಗೆ ಬಂಡೆ ಈರುಳ್ಳಿ ಸಿಪ್ಪೆಯಂತೆ ಕಳಚುತ್ತದೆ, ಒಳಗಿನ ಗುಂಡು ಮಾತ್ರ ತಾಜಾ. ಪ್ರಯೋಗಾಲಯದಲ್ಲಿ ಕಾಯಿಸಿದಾಗ ತೂಕ ಶೇಕಡಾ 3ಕ್ಕಿಂತ ಹೆಚ್ಚು ಕಳೆದುಕೊಂಡರೆ ಆ ಬಂಡೆಯ ಪೊಟ್ಯಾಸಿಯಂ, ಸೋಡಿಯಂ ಅಂಕಿಗಳನ್ನು ನಂಬಬೇಡಿ.

ಕಂಬಕಲ್ಲು ನೋಡಬೇಕೆಂದರೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಹತ್ತಿರ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 9 ಕೋಟಿ ವರ್ಷ ಹಳೆಯ ಲಾವಾ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಣ್ಣು, ಕ್ಯಾಮೆರಾ, ಕೋನಮಾಪಕ ಮಾತ್ರ ಒಯ್ಯಿರಿ.

ಬಸಾಲ್ಟ್ ಇದ್ದರೆ ಬಿಸಿ ಇರಲೇಬೇಕೇ?

ಬಂಡೆಯಲ್ಲಿ ಶಾಖ ಹರಡುವ ವೇಗ ಸೆಕೆಂಡಿಗೆ ಒಂದು ಚದರ ಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು. ದಪ್ಪದ ವರ್ಗವನ್ನು ಅದರಿಂದ ಭಾಗಿಸಿದರೆ ಆರಲು ಬೇಕಾದ ಕಾಲದ ಅಂದಾಜು ಸಿಗುತ್ತದೆ. 10 ಮೀಟರ್ ಡೈಕಿಗೆ ಮೂರು ವರ್ಷ, ಒಂದು ಕಿಲೋಮೀಟರ್ ದಪ್ಪಕ್ಕೆ ಸುಮಾರು 32,000 ವರ್ಷ. ದಖನ್ ಬಸಾಲ್ಟ್ ಹೊಮ್ಮಿದ್ದು 6.6 ಕೋಟಿ ವರ್ಷದ ಹಿಂದೆ. ಅದರ ಬಿಸಿ ಉಳಿದಿರಲು ಸಾಧ್ಯವೇ ಇಲ್ಲ. ರತ್ನಾಗಿರಿ ಜಿಲ್ಲೆಯ ಉನ್ಹವರೆಯಲ್ಲಿ ಸುಮಾರು 70 ಡಿಗ್ರಿಯ ನೀರು ಬರುವುದು ಮಳೆನೀರು ಬಿರುಕಿನಲ್ಲಿ ಆಳಕ್ಕಿಳಿದು, ಕಾದು, ಬೇಗ ಮೇಲೆ ಬರುವುದರಿಂದ.

ನಮ್ಮಲ್ಲಿ ಯಾಕಿಲ್ಲ ಎಂದರೆ, ನಮ್ಮ ಕಾಲ ಕೆಳಗಿನ ಧಾರವಾಡ ಕ್ರೇಟಾನ್ ಎಂಬ ಭೂಖಂಡದ ತುಂಡು ತಣ್ಣನೆಯ ಹಳೆ ನೆಲ. ಚದರ ಮೀಟರಿಗೆ ಹೊರಬರುವ ಶಾಖ 30ರಿಂದ 40 ಮಿಲಿವ್ಯಾಟ್. ಬಂಡೆಯ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 3 ವ್ಯಾಟ್ ಎಂದು ಹಿಡಿದರೆ ಕಿಲೋಮೀಟರಿಗೆ 10ರಿಂದ 13 ಡಿಗ್ರಿಯಷ್ಟೇ ಏರಿಕೆ. ಲೋಕದ ಬೇರೆ ಬಹಳ ಕಡೆ ಅದು 25ರಿಂದ 30.

ಒರತೆಯಲ್ಲಿ ಒಂದು ವರ್ಷ ಕಳೆದ ಮೇಲೆ ಕೊಂಕಣ ರೈಲು ಹತ್ತಿ ರಾಜಾಪುರ, ಸಂಗಮೇಶ್ವರ, ಖೇಡ್ ಕಡೆಯ ಬುಗ್ಗೆಗಳಿಗೆ ಹೋಗಿ. ಬಹಳವು ದೇವಸ್ಥಾನದ ಸ್ನಾನದ ಕುಂಡಗಳು. ಸಾಬೂನು ಬೀಳುವ ಮೊದಲು, ನೀರು ಹುಟ್ಟುವ ಬಾಯಿಯಲ್ಲೇ, ಅರ್ಚಕರನ್ನು ಕೇಳಿ ಹಿಡಿಯಿರಿ. ಪೂಗಾದಂಥ ಕಡೆ ಹೆಜ್ಜೆ ಇಡುವ ಮೊದಲು ಕೋಲಿನಿಂದ ನೆಲ ತಟ್ಟಿ ನೋಡಬೇಕು, ಬಿಳಿ ಪದರದ ಕೆಳಗೆ ಕುದಿನೀರು ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದ್ದಕ್ಕಿದ್ದಂತೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ, ಹೈಡ್ರೋಜನ್ ಸಲ್ಫೈಡ್ ಮೂಗನ್ನು ಮರಗಟ್ಟಿಸಿರಬಹುದು. ತಕ್ಷಣ ಗಾಳಿ ಬರುವ ಕಡೆಗೆ ಏರಿ ಹೋಗಿ. ತಗ್ಗಿನಲ್ಲಿ ಕೂತು ಬಾಟಲಿ ತುಂಬಬೇಡಿ, ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಲ್ಲುತ್ತದೆ.

ಬ್ಯಾರನ್ ದ್ವೀಪಕ್ಕೆ ಹೋಗುವುದು ಕಷ್ಟ, ಆದರೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ. 12, 11, 4ನೇ ಬ್ಯಾಂಡ್‌ಗಳನ್ನು ಕೆಂಪು, ಹಸಿರು, ನೀಲಿಗೆ ಕೊಟ್ಟರೆ ಬಾಯಿ ಬಿಸಿಯಿರುವ ದಿನ ಕುಳಿಯಲ್ಲಿ ಕೆಂಪು-ಹಳದಿ ಚುಕ್ಕೆ ಕಾಣುತ್ತದೆ. ಮೋಡ ಕಡಿಮೆಯಿರುವ ಜನವರಿಯಿಂದ ಮಾರ್ಚ್ ಆರಿಸಿಕೊಳ್ಳಿ.

ಓದು, ಪರೀಕ್ಷೆ

ಬಿಎಸ್‌ಸಿಯಲ್ಲಿ ಭೂವಿಜ್ಞಾನದ ಜೊತೆ ರಸಾಯನ ಬಿಡಬೇಡಿ. ಈ ದಾರಿಯಲ್ಲಿ ಅದು ಇಲ್ಲದೆ ನಡೆಯದು. ಎಂಎಸ್‌ಸಿಗೆ ಹತ್ತಿರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಐಐಟಿಗಳಿಗೆ ಜ್ಯಾಮ್ ಪರೀಕ್ಷೆಯ ಭೂವಿಜ್ಞಾನ ಪತ್ರಿಕೆ ಬರೆಯಬೇಕು. ಪಿಎಚ್‌ಡಿಗೆ ಸಿಎಸ್‌ಐಆರ್ ನೆಟ್ ಅಥವಾ ಗೇಟ್. ಜೆಆರ್‌ಎಫ್ ಎಂಬ ಕಿರಿಯ ಸಂಶೋಧಕ ವೇತನ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆಬಾಡಿಗೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ, ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಗಳಲ್ಲಿ ಈ ವಿಷಯದ ಕೆಲಸ ನಡೆದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಹುದ್ದೆ ಬೇಕಾದರೆ ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ಬೇರೆಯೇ. ಓದುತ್ತಿರುವಾಗಲೇ ನಕ್ಷೆ ಮಾಡುವ ಕ್ಯೂಜಿಐಎಸ್, ಸ್ವಲ್ಪ ಪೈಥಾನ್, ನೀರಿನ ರಸಾಯನ ಲೆಕ್ಕ ಹಾಕುವ ಫ್ರೀಕ್-ಸಿ (PHREEQC) ತಂತ್ರಾಂಶ ಕಲಿಯಿರಿ. ಮೂರೂ ಉಚಿತ.

ಮಾರ್ಗದರ್ಶಕರಿಗೆ ಪತ್ರ ಬರೆಯುವಾಗ 'ಬಾಲ್ಯದಿಂದಲೂ ಜ್ವಾಲಾಮುಖಿ ಎಂದರೆ ಇಷ್ಟ' ಎಂಬ ಸಾಲು ಬೇಡ. ಒಂದು ಪುಟದ ಪತ್ರ, ಅದರ ಜೊತೆ ಒರತೆಯ 52 ವಾರಗಳ ಪಟ್ಟಿ ಕಳಿಸಿ: ದಿನಾಂಕ, ಹೊತ್ತು, ಗಾಳಿಯ ಉಷ್ಣತೆ, ನೀರಿನ ಉಷ್ಣತೆ, ಪಿಎಚ್, ವಾಹಕತೆ, ಹರಿವು, ಅಯಾನುಗಳ ತಾಳೆ. ತಾಳೆ ತಪ್ಪಿದ ವಾರಗಳನ್ನು ಅಳಿಸದೆ, ಯಾಕೆ ತಪ್ಪಿತೆಂದು ಪಕ್ಕದ ಕಾಲಂನಲ್ಲಿ ಬರೆದು ಕಳಿಸಿ. ಬ್ಲ್ಯಾಂಕಿನ ಸಾಲೂ ಅದರಲ್ಲೇ ಇರಲಿ.